ಬನಶಂಕರಿ ಜಾತ್ರೆಯ ಬಾಗಿಲುಗಳು

ಮನೆಯಿಲ್ಲ, ಗೋಡೆಯಿಲ್ಲ, ಮೇಲೆ ಮಾಳಿಗೆಯಿಲ್ಲ. ಬಯಲಿನ ತುಂಬ ಬರೀ ಬಾಗಿಲುಗಳು. ಒಂದಕ್ಕೊಂದು ಹೆಗಲು ಕೊಟ್ಟು ನಿಂತ ಚೌಕಟ್ಟುಗಳು, ಹಿತ್ತಾಳೆಯ ಹೂ ಬಡಿದ ಕದಗಳು. ಕದ ತೆರೆದರೆ ಆಚೆಗೂ ಅದೇ ಆಕಾಶ, ಅದೇ ಜನ. ಬಾದಾಮಿಯ ಹತ್ತಿರದ ಬನಶಂಕರಿ ಜಾತ್ರೆಗೆ ಒಮ್ಮೆ ಹೋಗಿ ಬಂದವರು ಈ ನೋಟವನ್ನು ಮರೆಯುವುದಿಲ್ಲ. ನಮ್ಮ ಕಡೆಯ ಎಷ್ಟೋ ಹಳ್ಳಿಗಳಲ್ಲಿ ತಲೆಬಾಗಿಲ ಮೇಲೆ ಕೈಯಿಟ್ಟು, ‘ಇದು ಬನಶಂಕರಿ ಜಾತ್ರ್ಯಾಗ ತಂದದ್ದು’ ಎಂದು ಹಿರಿಯರು ಹೇಳುವುದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ.

ನಾವು ನಾಲ್ವರು ಗೆಳತಿಯರು ಆ ಜಾತ್ರೆಗೆ ಹೋದದ್ದೂ ಒಂದು ಬಾಗಿಲಿನ ನೆಪದಿಂದಲೇ. ನಾಲ್ವರೂ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಒಬ್ಬಳು ರೋಣದ ಕಡೆಯ ತನ್ನ ಊರಿನಲ್ಲಿ ಹಳೆಯ ಮಣ್ಣಿನ ಮನೆಯನ್ನು ಕೆಡವಿಸಿ ಹೊಸದು ಕಟ್ಟಿಸುತ್ತಿದ್ದಳು. ಕಿಟಕಿಗೆ ಕಬ್ಬಿಣ ಬಂದಿತ್ತು, ಮಾಳಿಗೆಯ ಜಾಗಕ್ಕೆ ಕಾಂಕ್ರೀಟು ಬಂದಿತ್ತು. ತಲೆಬಾಗಿಲು ಮಾತ್ರ ಜಾತ್ರೆಯದೇ ಆಗಬೇಕು ಎಂದು ಅವಳ ಅತ್ತೆ ಹಟ ಹಿಡಿದಿದ್ದರು. ಇನ್ನೊಬ್ಬಳು ಬಡಿಗರ ಮನೆಯ ಮಗಳು. ಅಪ್ಪನ ಉಳಿಯ ಸದ್ದಿನಲ್ಲಿ ಬೆಳೆದವಳು. ಮೂರನೆಯವಳು ಗುಳೇದಗುಡ್ಡದ ನೇಕಾರರ ಓಣಿಯಲ್ಲಿ ಹುಟ್ಟಿದವಳು. ನಾಲ್ಕನೆಯವಳು ನಾನು. ನನಗೆ ಮರವೂ ಗೊತ್ತಿಲ್ಲ, ಮಗ್ಗವೂ ಗೊತ್ತಿಲ್ಲ. ಆ ಎರಡನ್ನೂ ಬಲ್ಲವರ ಜೊತೆ ಒಂದು ಹಗಲು ಕಳೆದೆ. ಆ ಹಗಲಿನ ಮಾತುಗಳನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಪುಷ್ಯ ಮಾಸದ ಹುಣ್ಣಿಮೆಗೆ ನಮ್ಮಲ್ಲಿ ಬನದ ಹುಣ್ಣಿಮೆ ಎನ್ನುತ್ತಾರೆ. ಜನವರಿಯ ಆಸುಪಾಸಿನಲ್ಲಿ ಬರುತ್ತದೆ. ಆ ದಿನ ತೇರು. ಆದರೆ ಜಾತ್ರೆ ತೇರಿನೊಂದಿಗೆ ಮುಗಿಯುವುದಿಲ್ಲ; ವಾರಗಟ್ಟಲೆ ನಡೆಯುತ್ತದೆ. ಬಾಗಿಲು ಕೊಳ್ಳುವವರು ತೇರಿನ ನೂಕುನುಗ್ಗಲು ಇಳಿದ ಮೇಲೆ ಹೋಗಬೇಕು ಎಂದು ಬಡಿಗರ ಮಗಳು ಹೇಳಿದ್ದಳು. ಹಾಗಾಗಿ ತೇರು ಮುಗಿದ ನಾಲ್ಕನೆಯ ದಿನ, ಬೆಳಗಿನ ಚಳಿಯಲ್ಲಿ ಗದಗಿನಿಂದ ರೋಣದ ದಾರಿ ಹಿಡಿದೆವು. ಎರಡೂ ಕಡೆ ಎರೆಹೊಲ. ಬಿಳಿಜೋಳ ತೆನೆ ಹಿರಿದು ಹಾಲುಗಾಳು ಕಟ್ಟುವ ಹೊತ್ತು. ನಡುನಡುವೆ ಕುಸುಬಿಯ ಹಳದಿ, ಕಡಲೆಯ ಹಸಿರು. ಮಲಪ್ರಭೆಯನ್ನು ದಾಟಿದರೆ ಚೊಳಚಗುಡ್ಡ. ಅಲ್ಲಿಂದ ಮುಂದೆ ಜಾತ್ರೆಯೇ ದಾರಿ.

ದೇವಿಯ ದರ್ಶನ ಮೊದಲು. ಬಾದಾಮಿಯಿಂದ ಸುಮಾರು 5 ಕಿಲೋಮೀಟರು ದೂರದ ಈ ಕ್ಷೇತ್ರಕ್ಕೆ ಚಾಲುಕ್ಯರ ಕಾಲದ ಹಿನ್ನೆಲೆಯಿದೆ. ಈಗ ನಾವು ಕಾಣುವ ಗುಡಿ 1750ರಲ್ಲಿ ಮರಾಠ ಸರದಾರ ಪರಶುರಾಮ ಅಗಳೆ ಕಟ್ಟಿಸಿದ್ದು. ಎದುರಿಗೆ ಚೌಕಾಕಾರದ ದೊಡ್ಡ ಹೊಂಡ; ಒಂದೊಂದು ಬದಿಯೂ 360 ಅಡಿ ಎನ್ನುತ್ತಾರೆ. ಮೂರು ಬದಿಗೆ ಕಲ್ಲುಕಂಬದ ಮಂಟಪಗಳು. ಹರಕೆ ಹೊತ್ತವರು ಬಾಳೆದಿಂಡಿನ ತೆಪ್ಪದ ಮೇಲೆ ಎಳೆಗೂಸನ್ನು ಮಲಗಿಸಿ ಈ ನೀರಿನಲ್ಲಿ ತೇಲಿಸುವ ಪದ್ಧತಿಯಿದೆ. ದೇವಿಗೆ ಶಾಕಂಬರಿ ಎಂದೂ ಹೆಸರು. ಅವಳಿಗೆ 108 ಬಗೆಯ ಪಲ್ಯಗಳ ನೈವೇದ್ಯ ಮಾಡುವ ಪಲ್ಯೇದ ಹಬ್ಬವೂ ಈ ಜಾತ್ರೆಯ ಭಾಗ. ತೇರಿನ ಹಗ್ಗ ರೋಣ ತಾಲ್ಲೂಕಿನ ಮಾಡಲಗೇರಿಯಿಂದ ಹಳಿಬಂಡಿಯಲ್ಲಿ ಬರುತ್ತದೆ. ಹಗ್ಗ ಒಂದು ಊರಿನದು, ಎಳೆಯುವ ಕೈಗಳು ನೂರು ಊರಿನವು. ನೋಡಿ, ಜಾತ್ರೆಯ ಮೊದಲ ವಸ್ತುವೇ ಒಂದು ಊರಿನ ಕೈಕೆಲಸ.

ಬಾಗಿಲ ಬಯಲಿಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿದದ್ದು ಹೊಸ ಮರದ ವಾಸನೆ. ಮನೆ ಕಟ್ಟಿಸುವವಳು ನೇರ ಹೋಗಿ ಎಲ್ಲಕ್ಕಿಂತ ಹೆಚ್ಚು ಕೆತ್ತನೆಯಿದ್ದ, ಎಲ್ಲಕ್ಕಿಂತ ಹೊಳೆಯುವ ಬಾಗಿಲ ಮುಂದೆ ನಿಂತಳು. ಬಡಿಗರ ಮಗಳು ಅವಳ ಕೈ ಹಿಡಿದು ಅದೇ ಬಾಗಿಲಿನ ಹಿಂದಕ್ಕೆ ಕರೆದೊಯ್ದಳು. ‘ಬಾಗಿಲ ಮಾರಿ ನೋಡಬ್ಯಾಡ, ಬೆನ್ನು ನೋಡು’ ಎಂದಳು. ಬೆನ್ನಿಗೆ ಬಣ್ಣವಿರುವುದಿಲ್ಲ, ಕೆತ್ತನೆಯಿರುವುದಿಲ್ಲ. ಮರ ತನ್ನ ನಿಜವನ್ನು ಅಲ್ಲಿ ಹೇಳುತ್ತದೆ. ಚೇಗು ಎಷ್ಟಿದೆ, ಹೊರಗಿನ ಬಿಳಿ ಮರ ಎಷ್ಟು ಉಳಿದಿದೆ, ಗಂಟು ಎಲ್ಲಿ ಬಂದಿದೆ, ಸೀಳಿಗೆ ಮರದ ಪುಡಿ ತುಂಬಿ ಮುಚ್ಚಿದ್ದಾರೆಯೇ, ಎಲ್ಲವೂ ಬೆನ್ನಿನಲ್ಲಿ ಕಾಣುತ್ತದೆ. ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟಳು. ಚೆನ್ನಾಗಿ ಒಣಗಿದ ಮರ ಗಟ್ಟಿ ದನಿಯಲ್ಲಿ ಮಾತಾಡುತ್ತದಂತೆ, ಹಸಿ ಮರದ್ದು ಕುಗ್ಗಿದ ದನಿ. ಹಸಿ ಮರದ ಬಾಗಿಲು ಮೊದಲ ಬೇಸಿಗೆಗೆ ಸೊಟ್ಟಗಾಗುತ್ತದೆ, ಮಳೆಗಾಲಕ್ಕೆ ಉಬ್ಬಿ ಹೊಸ್ತಿಲಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಚೌಕಟ್ಟಿನ ಮೂಲೆಗಳು. ಮೊಳೆ ಹೊಡೆದು ಕೂಡಿಸಿದ ಮೂಲೆ ಬೇರೆ, ಮರದೊಳಗೆ ಮರ ಕೂತು ಬೆಣೆ ಬಡಿಸಿಕೊಂಡ ಮೂಲೆ ಬೇರೆ. ಎರಡನೆಯದು ವರ್ಷ ಕಳೆದಂತೆ ಬಿಗಿಯಾಗುತ್ತದೆ ಎಂದಳು.

ಅಲ್ಲಿದ್ದ ಬಡಿಗರು ಇವಳು ನೋಡುವ ರೀತಿಯನ್ನು ಗಮನಿಸುತ್ತಿದ್ದರು. ಮೂರನೆಯ ಅಂಗಡಿಯ ಹಿರಿಯ ಬಡಿಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಯಾವ ಊರ ಬಡಿಗೇರವ್ವ ನೀನು?’ ಎಂದು ಕೇಳಿದ. ಊರು ಹೇಳಿದಳು, ಅಪ್ಪನ ಹೆಸರು ಹೇಳಿದಳು. ಆತ ಎದ್ದು, ಒಳಗಿದ್ದ ಇನ್ನೊಂದು ಬಾಗಿಲಿನ ಮೇಲಿನ ಗೋಣಿಚೀಲ ಸರಿಸಿದ. ಅದರಲ್ಲಿ ಕೆತ್ತನೆ ಕಡಿಮೆ. ಆದರೆ ಚೌಕಟ್ಟಿನ ಉದ್ದಕ್ಕೂ ಒಂದರೊಳಗೊಂದು ಪಟ್ಟಿ; ಒಂದರಲ್ಲಿ ಬಳ್ಳಿ, ಒಂದರಲ್ಲಿ ಮಣಿಸಾಲು, ಮೇಲೆ ನಡುಮಧ್ಯೆ ಗಜಲಕ್ಷ್ಮಿ. ಮೈ ಪೂರ್ತಿ ಚೇಗಿನ ಸಾಗವಾನಿ. ಮುಂದೆ ಇಟ್ಟಿರಲಿಲ್ಲ, ಯಾಕೆಂದರೆ ಈಗಿನವರು ದಪ್ಪ ಕೆತ್ತನೆಯನ್ನೇ ಕೇಳುತ್ತಾರೆ. ಬಲ್ಲವರು ಬಂದರೆ ತೋರಿಸೋಣ ಎಂದು ಒಳಗೆ ಇಟ್ಟಿದ್ದನಂತೆ.

ಆ ಚೌಕಟ್ಟನ್ನು ನೋಡುತ್ತಿದ್ದಾಗ ನನಗೆ ಹಿಂದೆ ಕಂಡ ಕಲ್ಲಿನ ಬಾಗಿಲುಗಳು ನೆನಪಾದವು. ಅಲ್ಲಿಂದ ಐದಾರು ಕಿಲೋಮೀಟರಿನ ಒಳಗೇ ಬಾದಾಮಿಯ ಗುಹೆಗಳಿವೆ. ಮೂರನೆಯ ಗುಹೆಯನ್ನು ಚಾಲುಕ್ಯರ ಮಂಗಳೇಶ ಕ್ರಿ.ಶ. 578ರಲ್ಲಿ ಮಾಡಿಸಿದ್ದು, ಅಲ್ಲಿಯೇ ಶಾಸನವಿದೆ. ಕಂಬದ ತಲೆಗೆ ಬಂಡೆಯಲ್ಲಿ ಕಡೆದ ಆಸರೆಗಳು ಮರದ ತೊಲೆಗೆ ಕೊಟ್ಟ ಆಸರೆಗಳಂತೆಯೇ ಕಾಣುತ್ತವೆ. ಐಹೊಳೆ, ಪಟ್ಟದಕಲ್ಲಿನ ಗುಡಿಗಳ ಬಾಗಿಲುವಾಡಗಳಲ್ಲಿಯೂ ಹೀಗೆಯೇ ಒಂದರೊಳಗೊಂದು ಪಟ್ಟಿ, ನಡುಮಧ್ಯೆ ಒಂದು ಮೂರ್ತಿ. ಐಹೊಳೆಯ ದುರ್ಗದ ಗುಡಿಯಲ್ಲಾದರೆ ಅದು ನಾಗಗಳ ಬಾಲ ಹಿಡಿದ ಗರುಡ. ಪಂಡಿತರು ಆ ಪಟ್ಟಿಗಳನ್ನು ಶಾಖೆಗಳು ಎನ್ನುತ್ತಾರೆ, ನಡುವಿನ ಮೂರ್ತಿಯನ್ನು ಲಲಾಟಬಿಂಬ ಎನ್ನುತ್ತಾರೆ. ನಮ್ಮ ಬಡಿಗನಿಗೆ ಆ ಹೆಸರುಗಳು ಬೇಕಿಲ್ಲ. ಅವನ ಉಳಿಗೆ ಬಳ್ಳಿ ಎಲ್ಲಿ ತಿರುಗಬೇಕು, ಮಣಿ ಎಲ್ಲಿ ನಿಲ್ಲಬೇಕು ಎಂಬುದು ಗೊತ್ತಿದೆ. ಕಲ್ಲಿನಲ್ಲಿ ಅರಸರು ಮಾಡಿಸಿದ್ದನ್ನು ನೋಡಲು ದೇಶವಿದೇಶದ ಜನ ಟಿಕೇಟು ಕೊಂಡು ಬರುತ್ತಾರೆ. ಅದೇ ವಿನ್ಯಾಸ ಮರದಲ್ಲಿ ಒಬ್ಬ ಒಕ್ಕಲಿಗನ ಮನೆಗೆ ಹೋಗಲು ಟ್ರಾಕ್ಟರಿಗೆ ಕಾಯುತ್ತ ಬಯಲಿನಲ್ಲಿ ನಿಂತಿದೆ. ನನ್ನ ಮಟ್ಟಿಗೆ ಎರಡೂ ಒಂದೇ ಪರಂಪರೆ, ಎರಡಕ್ಕೂ ಒಂದೇ ಗೌರವ ಸಲ್ಲಬೇಕು.

ಬಾಗಿಲಿಗೆ ಆಯ ಹಾಕಿ ಅಳತೆ ತೆಗೆಯುವ ಪದ್ಧತಿ ಬಡಿಗರಲ್ಲಿದೆ. ಆಯ ಎಂಬ ಮಾತಿಗೆ ಹಳ್ಳಿಯಲ್ಲಿ ಇನ್ನೊಂದು ಅರ್ಥವೂ ಇತ್ತು. ಬಡಿಗ, ಕಂಬಾರ, ಕುಂಬಾರ ಮೊದಲಾದವರು ವರ್ಷವಿಡೀ ಒಕ್ಕಲುಮನೆಗಳ ಕೆಲಸ ಮಾಡಿ ಸುಗ್ಗಿಯಲ್ಲಿ ಕಣದಿಂದ ಪಡೆಯುತ್ತಿದ್ದ ಕಾಳಿನ ಪಾಲು ಆಯ. ನನ್ನ ಗೆಳತಿಯ ಅಪ್ಪ ಹಾಗೆ ಬದುಕಿದವರು. ರಂಟೆ, ಕುಂಟೆ, ಕೂರಿಗೆ, ಚಕ್ಕಡಿ ಎಲ್ಲ ಅವರ ಕೈಯವು. ಟ್ರಾಕ್ಟರು ಬಂದ ಮೇಲೆ ರಂಟೆ ಹೋಯಿತು, ಕಬ್ಬಿಣದ ಬಿತ್ತುವ ಯಂತ್ರ ಬಂದ ಮೇಲೆ ಕೂರಿಗೆ ಹೋಯಿತು, ಚಕ್ಕಡಿಯ ಗಾಲಿ ರಬ್ಬರಿನದಾಯಿತು. ಬಡಿಗನಿಗೆ ಉಳಿದದ್ದು ಬಾಗಿಲು, ತೊಟ್ಟಿಲು, ದೇವರ ಪೀಠ. ಈಗ ಕಾರ್ಖಾನೆಯ ಹಲಗೆಯ ಬಾಗಿಲು ಅಲ್ಲಿಗೂ ಬಂದಿದೆ. ‘ಅಪ್ಪನ ಕೈ ಸೋತದ್ದು ವಯಸ್ಸಿನಿಂದಲ್ಲ, ಯಾರೂ ಕೇಳದ್ದರಿಂದ’ ಎಂದು ಅವಳು ಹೇಳಿದಾಗ ನಾವು ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಬಾಗಿಲಿನ ಬೆಲೆ ಕುದುರಿತು. ಮನೆಯವಳಿಗಿಂತ ಬಡಿಗರ ಮಗಳೇ ಮುಂದಾಗಿ ಮಾತಾಡಿದಳು, ಆದರೆ ಅವಳು ಕೊಸರಾಡಲಿಲ್ಲ. ಮರದ ಲೆಕ್ಕ ಕೇಳಿದಳು, ಕೆಲಸದ ದಿನಗಳ ಲೆಕ್ಕ ಕೇಳಿದಳು, ಎರಡನ್ನೂ ಕೂಡಿಸಿ ಒಪ್ಪಿದಳು. ಕೈಕೆಲಸಕ್ಕೆ ಬೆಲೆ ಕಟ್ಟುವ ಸರಿಯಾದ ಕ್ರಮ ಇದು ಎಂದು ನನಗೆ ಅಂದು ಮನದಟ್ಟಾಯಿತು.

ಹೊತ್ತು ನೆತ್ತಿಗೇರಿತ್ತು. ಗುಡಿಯ ಆವರಣದಲ್ಲಿ ಸುತ್ತಲಿನ ಹಳ್ಳಿಗಳ ಹೆಂಗಸರು ಬುಟ್ಟಿ ಹೊತ್ತು ಬಂದು ಊಟ ಬಡಿಸುತ್ತಾರೆ. ಇದು ಜಾತ್ರೆಗೆ ಮಾತ್ರ ಸೀಮಿತವಾದದ್ದಲ್ಲ, ಬೇರೆ ದಿನಗಳಲ್ಲಿಯೂ ಉಂಟು. ನೀವು ನೆರಳು ಹಿಡಿದು ಕೂತರೆ ಸಾಕು, ಎದುರಿಗೆ ಬುಟ್ಟಿ ಇಳಿಯುತ್ತದೆ. ಮೇಲಿನ ಬಿಳಿ ಬಟ್ಟೆ ಸರಿಸಿದರೆ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಕೆನೆ ಕಟ್ಟಿದ ಗಟ್ಟಿ ಮೊಸರು. ಕುಡಿಕೆಯನ್ನು ಮಗುಚಿ ಹಿಡಿದರೂ ಮೊಸರು ಬೀಳದು. ಆ ರೊಟ್ಟಿಯೂ ಕೈಕೆಲಸವೇ. ಕೈಯಲ್ಲಿ ತಟ್ಟಿದ ರೊಟ್ಟಿಗೆ ಅಂಚಿನಲ್ಲೊಂದು ದಪ್ಪ, ನಡುವಿನಲ್ಲೊಂದು ದಪ್ಪ ಇರುವುದಿಲ್ಲ. ಬಡಿಯುವ ಅಂಗೈಗೆ ಅಳತೆ ಗೊತ್ತು. ಬಡಿಸಿದ ತಾಯಿಗೆ ಅರವತ್ತು ದಾಟಿರಬಹುದು. ಮೊಸರಿನ ಕುಡಿಕೆ ಯಾರು ಮಾಡಿದ್ದು ಎಂದು ಕೇಳಿದೆ. ತಮ್ಮೂರ ಕುಂಬಾರ ಎಂದರು. ‘ಅಂವ ಮಾಡೂತನ ಮಣ್ಣಿಂದು, ಆಮ್ಯಾಲೆ ಏನೋ ಗೊತ್ತಿಲ್ಲ’ ಎಂದು ಇನ್ನೊಂದು ರೊಟ್ಟಿ ಹಾಕಿದರು.

ಊಟದ ನಂತರದ ಹಗಲು ಗುಳೇದಗುಡ್ಡದವಳದು. ಖಣದ ಅಂಗಡಿಗಳ ಸಾಲಿಗೆ ಬಂದ ಮೇಲೆ ಅವಳ ನಡಿಗೆಯೇ ಬದಲಾಯಿತು. ಖಣ ಎಂದರೆ ಒಂದು ಕುಪ್ಪಸಕ್ಕೆ ಆಗುವಷ್ಟು ಅರಿವೆ. ನಮ್ಮಲ್ಲಿ ಖಣವಿಲ್ಲದೆ ಉಡಿ ತುಂಬುವುದಿಲ್ಲ. ಮಗಳು ತವರಿನಿಂದ ಹೊರಡುವಾಗ, ಸೀಮಂತದಲ್ಲಿ, ದೇವಿಗೆ ಹರಕೆ ಒಪ್ಪಿಸುವಾಗ, ಎಲ್ಲ ಕಡೆಗೂ ಖಣ, ಕೊಬ್ಬರಿ, ಅಕ್ಕಿ. ನೇಯ್ಗೆಯಲ್ಲಿಯೇ ಮೂಡುವ ಅದರ ಚಿತ್ರಗಳಿಗೆ ಹೆಸರುಗಳಿವೆ: ತೇರು, ಆನೆಹೆಜ್ಜೆ, ಸೂರ್ಯನಾರಾಯಣ. ಅವಳು ಒಂದು ಖಣವನ್ನು ಎತ್ತಿ ಬೆಳಕಿಗೆ ಹಿಡಿದಳು, ತಿರುವಿದಳು, ಅಂಚನ್ನು ಬೆರಳಲ್ಲಿ ಹೊಸೆದಳು. ಇದು ಕೈಮಗ್ಗದ್ದು, ಇದು ಯಂತ್ರದ್ದು ಎಂದು ಬೇರೆ ಬೇರೆ ಎರಡು ರಾಶಿ ಮಾಡಿದಳು. ಅಂಗಡಿಯವನು ತಕರಾರು ತೆಗೆಯಲಿಲ್ಲ. ಕೇಳಿದವರಿಗೆ ಕೈಮಗ್ಗದ್ದು, ಕೇಳದವರಿಗೆ ಅಗ್ಗದ್ದು ಎಂದು ಒಪ್ಪಿಕೊಂಡ.

ಪಕ್ಕದ ಅಂಗಡಿಯಲ್ಲಿ ಇಳಕಲ್ ಸೀರೆಗಳು. ಇಲ್ಲಿ ನನ್ನದೊಂದು ನೋವನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಗರದ ಒಂದು ದೊಡ್ಡ ಅಂಗಡಿಯಲ್ಲಿ ಅಪ್ಪಟ ಇಳಕಲ್ ಎಂದು ಕೊಟ್ಟ ಸೀರೆಯನ್ನು ಅವ್ವನಿಗೆ ತಂದಿದ್ದೆ. ಅವ್ವ ಸೆರಗು ಬಿಡಿಸಿ ನೋಡಿ, ‘ಕೊಂಡಿ ಇಲ್ಲಲ್ಲವ್ವ’ ಎಂದು ಮಡಿಚಿ ಇಟ್ಟಳು. ಉಟ್ಟಳು, ಆದರೆ ಹಬ್ಬಕ್ಕೆ ಉಡಲಿಲ್ಲ. ಕೊಂಡಿ ಎಂದರೇನು ಎಂದು ಅಂದು ನಾನು ಕೇಳಲಿಲ್ಲ. ಅವ್ವ ಈಗಿಲ್ಲ. ಆ ಪಾಠವನ್ನು ಗೆಳತಿಯಿಂದ ಜಾತ್ರೆಯಲ್ಲಿ ಕಲಿತೆ.

ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈಗೆ ಸಾಮಾನ್ಯವಾಗಿ ಹತ್ತಿ, ಸೆರಗಿಗೆ ಕೆಂಪು ರೇಷ್ಮೆ. ಮಗ್ಗಕ್ಕೆ ಏರಿಸುವ ಮೊದಲು ಮೈಯ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕುಣಿಕೆ ಹಾಕಿ ಕೂಡಿಸಬೇಕು. ಅದೇ ಕೊಂಡಿ. ಸಾವಿರಾರು ಎಳೆ, ಸಾವಿರಾರು ಕೊಂಡಿ. ಈ ಕಾರಣದಿಂದಲೇ ಬೇರೆ ಸೀರೆಗಳಂತೆ ಉದ್ದನೆಯ ಒಂದೇ ಹಾಸಿನಲ್ಲಿ ಹತ್ತಾರು ಸೀರೆ ನೇಯಲು ಆಗುವುದಿಲ್ಲ. ಪ್ರತಿ ಸೀರೆಗೂ ಹಾಸನ್ನು ಹೊಸದಾಗಿ ಸಿದ್ಧಮಾಡಬೇಕು. ಈ ಕೂಡಿಸುವ ಕೆಲಸ ಬಹುಮಟ್ಟಿಗೆ ಮನೆಯ ಹೆಂಗಸರದು. ಸೆರಗಿನ ಮೇಲೆ ಕೆಂಪಿನ ನಡುವೆ ಬಿಳಿ ಹಲ್ಲುಗಳಂತೆ ಏಳುವ ಚಿತ್ತಾರಕ್ಕೆ ತೋಪ ತೆನಿ ಎಂದು ಹೆಸರು. ಬೆಳಗ್ಗೆ ದಾರಿಯ ಎರಡೂ ಕಡೆ ನಾವು ನೋಡುತ್ತ ಬಂದ ಜೋಳದ ತೆನೆಯೇ ಅದು. ಕೋಟೆಯ ತೆನೆಗೋಡೆ, ಬಾಚಣಿಗೆಯ ಹಲ್ಲು ಇವೂ ಸೆರಗಿಗೆ ಬಂದಿವೆ. ಹೊಲ, ಕೋಟೆ, ಮನೆಯ ಮಾಡದ ಬಾಚಣಿಗೆ ಇಷ್ಟನ್ನೂ ಒಬ್ಬ ಹೆಣ್ಣುಮಗಳು ಹೆಗಲ ಮೇಲೆ ಹೊದ್ದು ನಡೆಯುತ್ತಾಳೆ.

ಒಂದು ಸೀರೆಗೆ ಕಸೂತಿ ಹಾಕಿದ್ದರು. ಗೆಳತಿ ಅದರ ಹಿಂಬದಿಯನ್ನು ತಿರುವಿ ತೋರಿಸಿದಳು. ಗಾವಂಟಿ ಹೊಲಿಗೆ ಮುಂದೆ ಹೇಗೋ ಹಿಂದೆಯೂ ಹಾಗೆಯೇ ಇರಬೇಕು, ಎಲ್ಲಿಯೂ ಗಂಟು ಕಾಣಬಾರದು. ಅರಿವೆಯ ಮೇಲೆ ಗೆರೆ ಬರೆದುಕೊಳ್ಳುವಂತಿಲ್ಲ. ಎಳೆಗಳನ್ನು ಎಣಿಸಿಯೇ ಸೂಜಿ ಹಾಯಿಸಬೇಕು. ಗಾವಂಟಿ, ಮುರಗಿ, ನೇಯ್ಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆಯಲ್ಲಿ ಗೋಪುರ, ತುಳಸಿಕಟ್ಟೆ, ಆನೆ ಅಂಬಾರಿ, ತೊಟ್ಟಿಲು ಎಲ್ಲ ಮೂಡುತ್ತವೆ. ಬಾಗಿಲಿಗೆ ಬೆನ್ನು ನೋಡಬೇಕು, ಸೀರೆಗೂ ಬೆನ್ನೇ ನೋಡಬೇಕು ಎಂದು ಬಡಿಗರ ಮಗಳು ಅಂದಾಗ ನೇಕಾರರ ಮಗಳು ಅವಳ ಹೆಗಲ ಮೇಲೆ ಕೈಯಿಟ್ಟು ನಕ್ಕಳು.

ಇಳಕಲ್ ಸೀರೆಗೂ, ಕಸೂತಿಗೂ, ಗುಳೇದಗುಡ್ಡದ ಖಣಕ್ಕೂ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. 1999ರ ಕಾಯ್ದೆ 2003ರಲ್ಲಿ ಜಾರಿಗೆ ಬಂದ ಮೇಲೆ ನಮ್ಮ ನಾಡಿನ ಹಲವು ಕಸುಬುಗಳಿಗೆ ಹೀಗೆ ಹೆಸರಿನ ಹಕ್ಕು ದೊರೆತಿದೆ. ಅದು ಬೇಕಾದದ್ದೇ. ಆದರೆ ಕಾಯ್ದೆ ಹೆಸರನ್ನು ಕಾಯಬಲ್ಲದು. ಮಗ್ಗದ ಮುಂದೆ ಕೂತವನನ್ನು ಕಾಯಬೇಕಾದರೆ ಕೊಳ್ಳುವವರಿಗೆ ಕೊಂಡಿ ಕಾಣಬೇಕು. ಗುಳೇದಗುಡ್ಡದ ತನ್ನ ಓಣಿಯಲ್ಲಿ ಚಿಕ್ಕಂದಿನಲ್ಲಿ ಮನೆಮನೆಗೂ ಲಾಳಿಯ ಸದ್ದು ಕೇಳುತ್ತಿತ್ತು, ಈಗ ಕೆಲವೇ ಮನೆಗಳಲ್ಲಿ ಕೇಳುತ್ತದೆ ಎಂದು ಗೆಳತಿ ಹೇಳಿದಳು. ಅವಳ ಸ್ವಂತ ಅಣ್ಣಂದಿರು ಮಗ್ಗ ಬಿಟ್ಟು ಬೇರೆ ಊರಿಗೆ ದುಡಿಯಲು ಹೋಗಿದ್ದಾರೆ.

ಸಂಜೆಗೆ ಕಂಬಳಿಯ ಸಾಲಿಗೆ ಹೋದೆವು. ಕರಿಕುರಿಯ ಉಣ್ಣೆ, ನೂಲುವುದು ಮನೆಯ ಹೆಂಗಸರು, ನೇಯುವುದು ಗಂಡಸರು, ಎಳೆಗೆ ಹುಣಸೆಬೀಜದ ಗಂಜಿ. ಹೊಸ ಕಂಬಳಿ ಮೈಗೆ ಚುಚ್ಚುತ್ತದೆ ಎಂದು ಪೇಟೆಯ ಮಂದಿ ದೂರುತ್ತಾರೆ. ಹೊಲ ಕಾಯುವವನಿಗೆ ಅದೇ ಹಾಸಿಗೆ, ಅದೇ ಹೊದಿಕೆ, ಮಳೆ ಬಂದರೆ ಅದೇ ಕೊಪ್ಪೆ. ನಾನೊಂದು ಕೊಂಡೆ. ಮಾರುತ್ತಿದ್ದ ಮುದುಕ ಹಣ ಎಣಿಸಿಕೊಂಡ ಮೇಲೆ ಕಂಬಳಿಯ ಒಂದು ಮೂಲೆಯನ್ನು ಹಿಡಿದು, ಇಲ್ಲಿ ನೂಲು ಸ್ವಲ್ಪ ತೆಳ್ಳಗಿದೆ, ಆ ವರ್ಷ ಹೆಂಡತಿಗೆ ಮೈಯಲ್ಲಿ ಹುಷಾರಿರಲಿಲ್ಲ ಎಂದ. ತಾನು ಮಾರಿದ ವಸ್ತುವಿನ ಕೊರತೆಯನ್ನು ಹಣ ತೆಗೆದುಕೊಂಡ ಮೇಲೂ ಹೇಳುವ ವ್ಯಾಪಾರಿಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಆ ತೆಳ್ಳನೆಯ ಮೂಲೆ ನನಗೆ ಗೊತ್ತಿದೆ. ಹೊದ್ದಾಗ ಕೈ ಅಲ್ಲಿಗೇ ಹೋಗುತ್ತದೆ.

ಅಮೀನಗಡದ ಕರದಂಟು ಕಟ್ಟಿಸಿಕೊಂಡೆವು, ಕೈತುಂಬ ಬಳೆ ಇಡಿಸಿಕೊಂಡೆವು. ಕತ್ತಲಾಗುತ್ತಿದ್ದಂತೆ ನಾಟಕ ಕಂಪನಿಗಳ ತಂಬುಗಳಿಂದ ಹಾರ್ಮೋನಿಯಂ ಕೇಳತೊಡಗಿತು. ವೃತ್ತಿರಂಗಭೂಮಿಯ ಕಂಪನಿಗಳಿಗೆ ಬನಶಂಕರಿ ಜಾತ್ರೆ ವರ್ಷದ ದೊಡ್ಡ ದುಡಿಮೆ. ಅದರ ಮಾತು ಇನ್ನೊಂದು ದಿನಕ್ಕೆ. ನಾವು ಟ್ರಾಕ್ಟರಿಗೆ ಬಾಗಿಲು ಏರಿಸಬೇಕಿತ್ತು. ಬಡಿಗ ತಾನೇ ಗೋಣಿಚೀಲ ಸುತ್ತಿ, ಮೂಲೆಗಳಿಗೆ ಹುಲ್ಲು ಇಟ್ಟು, ಹಗ್ಗ ಬಿಗಿದ. ಕಡೆಗೆ ಹೊಸ್ತಿಲ ಮೇಲೆ ಕೈಯಾಡಿಸಿ, ಮೊದಲ ಸಲ ದಾಟುವಾಗ ಬಲಗಾಲು ಇಡಬೇಕೆಂದು ಮನೆಯವಳಿಗೆ ಹೇಳಿದ. ಟ್ರಾಕ್ಟರು ಹೊರಟು ದಾರಿಗೆ ತಿರುಗುವವರೆಗೂ ನಿಂತು ನೋಡುತ್ತಿದ್ದ.

ಯುಗಾದಿಗೆ ಆ ಮನೆಯ ಪ್ರವೇಶವಾಯಿತು. ಬಾಗಿಲು ಹೊಸ್ತಿಲಿಗೆ ಎಲ್ಲಿಯೂ ಕಚ್ಚಿಲ್ಲ. ಗೆಳತಿಯ ಅತ್ತೆ ಬಂದವರನ್ನೆಲ್ಲ ಒಳಗೆ ಕರೆದು, ಕದ ಮುಚ್ಚಿ, ಮೊದಲು ಬಾಗಿಲ ಬೆನ್ನು ತೋರಿಸುತ್ತಾರೆ.

ಕೇಳುಗರಲ್ಲಿ ನನ್ನದೊಂದು ಬಿನ್ನಹ. ಬರುವ ಬನದ ಹುಣ್ಣಿಮೆಗೆ ಬನಶಂಕರಿಗೆ ಹೋಗಿ. ಅಷ್ಟು ದೂರ ಆಗದಿದ್ದರೆ ನಿಮ್ಮ ಊರ ಹತ್ತಿರದ ಜಾತ್ರೆಗೆ ಹೋಗಿ. ಮನೆಯ ಮಕ್ಕಳನ್ನು ಕರೆದುಕೊಂಡು ಹೋಗಿ, ಕಸುಬು ಬಲ್ಲ ಗೆಳೆಯರೊಬ್ಬರನ್ನು ಜೊತೆಗೆ ಕರೆಯಿರಿ. ಕೊಳ್ಳುವ ಮೊದಲು ವಸ್ತುವನ್ನು ತಿರುವಿ ನೋಡಿ, ಇದನ್ನು ಮಾಡಿದವರು ಯಾರು ಎಂದು ಕೇಳಿ. ಮಾಡಿದವರೇ ಎದುರಿಗಿದ್ದರೆ ಅವರ ಊರು ಕೇಳಿ, ಕೆಲಸದ ದಿನಗಳನ್ನು ಕೇಳಿ, ಅದಕ್ಕೆ ತಕ್ಕ ಬೆಲೆ ಕೊಟ್ಟು ಬನ್ನಿ.